ಹೆಸರಿನ ಖಾನೆ

ಹಾನಗಲ್ಲಿನ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ನನ್ನದೊಂದು ಕಂಪ್ಯೂಟರ್ ಅಂಗಡಿ ಇದೆ. ಎರಡು ಕಂಪ್ಯೂಟರು, ಒಂದು ಝೆರಾಕ್ಸ್ ಯಂತ್ರ, ಫೋಟೋ ತೆಗೆಯಲು ಗೋಡೆಗೆ ಬಡಿದ ನೀಲಿ ಬಟ್ಟೆ, ಇಷ್ಟೇ ಅದರ ಸಂಪತ್ತು. ಪಹಣಿ ತೆಗೆಸುವವರು, ಜಾತಿ ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕುವವರು, ಫಲಿತಾಂಶ ನೋಡಲು ಬರುವ ಹುಡುಗಿಯರು ನನ್ನ ಗಿರಾಕಿಗಳು. ಹುಬ್ಬಳ್ಳಿಯಲ್ಲಿ ಕಂಪ್ಯೂಟರ್ ಪದವಿ ಓದಿದ್ದೆ. ವೆಬ್ ಪುಟ ಕಟ್ಟುವುದನ್ನು ಮಾತ್ರ ಕಾಲೇಜು ಕಲಿಸಿರಲಿಲ್ಲ. ಗಿರಾಕಿಗಳಿಲ್ಲದ ಮಧ್ಯಾಹ್ನಗಳಲ್ಲಿ ಅಂಗಡಿಯಲ್ಲೇ ಕುಳಿತು ಕಲಿತೆ. ಕೂಲಿ ಮಾಡಿ ನನ್ನನ್ನು ಓದಿಸಿದ ಅಪ್ಪನಿಗೆ ಅದೇನೆಂದು ತಿಳಿಯುತ್ತಿರಲಿಲ್ಲ, ಆದರೆ ಬಂದವರಿಗೆಲ್ಲ ‘ನಮ್ಮ ಹುಡುಗಿ ಇಂಟರ್ನೆಟ್ ಮಾಡ್ತಾಳ’ ಎಂದು ಹೇಳುತ್ತಿದ್ದ. ನನಗೂ ಸ್ವಲ್ಪ ಸೊಕ್ಕಿತ್ತು. ಈಗ ಹೇಳಹೊರಟಿರುವುದರಲ್ಲಿ ಆ ಸೊಕ್ಕಿನ ಪಾಲೂ ಇದೆ.

ಶಿಗ್ಗಾಂವಿಯ ಹಿರಿಯರೊಬ್ಬರು ಪಿಂಚಣಿಯ ಕಾಗದಪತ್ರ ಮಾಡಿಸಲು ನನ್ನಲ್ಲಿಗೆ ಬರುತ್ತಿದ್ದರು. ಅವರ ಮಗಳನ್ನು ಹಾನಗಲ್ಲಿಗೆ ಕೊಟ್ಟಿತ್ತು, ಮಗಳ ಮನೆಗೆ ಬಂದಾಗಲೆಲ್ಲ ನನ್ನ ಅಂಗಡಿಯ ಬೆಂಚಿನ ಮೇಲೆ ಅರ್ಧ ತಾಸು ಕುಳಿತು ಹೋಗುವುದು ರೂಢಿಯಾಯಿತು. ನಾನು ಅವರನ್ನು ಕಾಕಾ ಎಂದು ಕರೆಯುತ್ತಿದ್ದೆ. ಆಸ್ಪತ್ರೆಗಳಲ್ಲಿ ರಕ್ತಪರೀಕ್ಷೆ ಮಾಡುವ ಕೆಲಸದಲ್ಲಿದ್ದು ನಿವೃತ್ತರಾದವರು. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಕೈಯಲ್ಲಿ ಉದ್ದನೆಯ ಒಂದು ನೋಟ್‌ಬುಕ್ಕು. ಆ ಪುಸ್ತಕದಲ್ಲಿ ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ನಾಲ್ಕೂ ತಾಲ್ಲೂಕುಗಳ ರಕ್ತದಾನಿಗಳ ಹೆಸರುಗಳಿದ್ದವು. ಯಾರ ರಕ್ತ ಯಾವ ಗುಂಪಿನದು, ಕಳೆದ ಸಲ ಯಾವಾಗ ಕೊಟ್ಟರು, ಮನೆಯಲ್ಲಿ ಯಾರು ಫೋನು ಎತ್ತುತ್ತಾರೆ ಎಲ್ಲವನ್ನೂ ಬರೆದಿಟ್ಟಿದ್ದರು. ನಮ್ಮ ಸಣ್ಣ ಊರುಗಳ ರೋಗಿಗಳನ್ನು ಅವಸರಕ್ಕೆ ಹಾವೇರಿಗೋ ಹುಬ್ಬಳ್ಳಿಗೋ ಒಯ್ದಾಗ ಮನೆಯವರಿಗೆ ಯಾರೋ ಕಾಕಾನ ನಂಬರು ಕೊಡುತ್ತಿದ್ದರು. ಕಾಕಾ ಒಬ್ಬೊಬ್ಬರಿಗೆ ಫೋನು ಮಾಡಿ ದಾನಿಯನ್ನು ಹೊರಡಿಸುತ್ತಿದ್ದರು. ಯಾವ ಸಂಘವೂ ಇಲ್ಲ, ಬೋರ್ಡೂ ಇಲ್ಲ.

ಒಮ್ಮೆ ನನ್ನ ಅಂಗಡಿಯಲ್ಲೇ ಕುಳಿತು ಸವಣೂರಿನ ಒಬ್ಬ ಮುದುಕನಿಗಾಗಿ ಫೋನು ಮಾಡತೊಡಗಿದರು. ನಾನು ಯಾರದೋ ಅರ್ಜಿ ತುಂಬುತ್ತ ಕೇಳಿಸಿಕೊಂಡೆ. ಒಬ್ಬನಿಗೆ ಎಮ್ಮೆ ಕರು ಹಾಕಿತೇ ಎಂದು ಕೇಳಿದರು, ಇನ್ನೊಬ್ಬನಿಗೆ ಮಗಳ ಮದುವೆ ಎಲ್ಲಿಗೆ ಬಂತು ಎಂದರು. ಆಮೇಲೆ ರಕ್ತದ ಮಾತು. ಏಳನೆಯ ಫೋನಿಗೆ ಒಬ್ಬ ಒಪ್ಪಿದ. ಫೋನು ಕೆಳಗಿಟ್ಟು ಕಣ್ಣು ಒರೆಸಿಕೊಂಡರು.

‘ಕಣ್ಣ ಮಂಜಾಗ್ಯಾವ ತಂಗಿ. ಒಂದು ನಂಬರ್ ಒತ್ತಾಕ ಹೋದ್ರ ಇನ್ನೊಂದು ಬೀಳತೈತಿ. ಈ ಪುಸ್ತಕ ನಿನ್ನ ಕಂಪ್ಯೂಟರಿಗೆ ಹಾಕಾಕ ಬರ್ತದೇನ?’

‘ಬರ್ತದ್ರಿ ಕಾಕಾ. ಹಾಕೂದಷ್ಟ ಅಲ್ಲ, ಒಂದ ಗುಂಡಿ ಒತ್ತಿದ್ರ ಎಲ್ಲಾರಿಗೂ ಮೆಸೇಜ್ ಹೋಗೂ ಹಂಗ ಮಾಡಿ ಕೊಡ್ತೇನಿ’ ಎಂದೆ. ಅವರು ಕೇಳಿದ್ದು ಅರ್ಧ. ಉಳಿದರ್ಧ ನಾನೇ ಸೇರಿಸಿದ್ದು.

ಎರಡು ವಾರ ಹಿಡಿಯಿತು. ದಾನಿಗಳ ಪಟ್ಟಿಯನ್ನು ಒಂದು ವೆಬ್ ಪುಟಕ್ಕೆ ಏರಿಸಿದೆ. ರಕ್ತದ ಗುಂಪು ಆರಿಸಿ ‘ಕಳಿಸು’ ಎಂದು ಒತ್ತಿದರೆ ಸಂದೇಶ ಹೋಗಬೇಕು. ಮೆಸೇಜು ರವಾನಿಸುವ ಕಂಪನಿಗಳ ಮೂಲಕ ಕಳಿಸಬೇಕಾದರೆ ಸಂಸ್ಥೆಯ ನೋಂದಣಿ ಬೇಕು, ಒಂದೊಂದು ಸಂದೇಶದ ನಮೂನೆಗೂ ಮಂಜೂರಾತಿ ಬೇಕು. ನಮ್ಮಲ್ಲಿ ಯಾವ ಸಂಸ್ಥೆಯೂ ಇರಲಿಲ್ಲ. ಹಾಗಾಗಿ ಗಾಜು ಸೀಳಿದ್ದ ನನ್ನ ಹಳೆಯ ಮೊಬೈಲನ್ನೇ ಆ ಕೆಲಸಕ್ಕೆ ಹಚ್ಚಿದೆ. ಅದರಲ್ಲಿ ಒಂದು ಸಣ್ಣ ಆ್ಯಪು ಹಾಕಿದೆ. ಅದು ಅರ್ಧ ನಿಮಿಷಕ್ಕೊಮ್ಮೆ ನನ್ನ ವೆಬ್ ಪುಟವನ್ನು ‘ಕಳಿಸುವುದು ಏನಾದರೂ ಇದೆಯೇ’ ಎಂದು ಕೇಳುತ್ತಿತ್ತು, ಇದ್ದರೆ ತನ್ನ ಸಿಮ್ಮಿನಿಂದ ಒಬ್ಬೊಬ್ಬರಿಗೆ ಮೆಸೇಜು ಮಾಡುತ್ತಿತ್ತು, ಉತ್ತರ ಬಂದರೆ ತಂದು ಪುಟಕ್ಕೆ ಒಪ್ಪಿಸುತ್ತಿತ್ತು. ಅಂಗಡಿಯಲ್ಲಿ ಸಿಗ್ನಲ್ಲು ಚೆನ್ನಾಗಿ ಬರುವುದು ಕಪಾಟಿನ ತಲೆಯ ಮೇಲೆ. ಅಲ್ಲಿಟ್ಟು ಚಾರ್ಜರು ಸಿಕ್ಕಿಸಿದೆ. ವರ್ಷ ಕಳೆಯುವುದರೊಳಗೆ ಬ್ಯಾಟರಿ ಉಬ್ಬಿ ಹಿಂದಿನ ಮುಚ್ಚಳ ಬಾಯಿ ತೆರೆಯಿತು. ರಬ್ಬರ್ ಬ್ಯಾಂಡು ಹಾಕಿದೆ.

ಮೊದಮೊದಲು ಅದು ಕಾಡಿತು. ಸ್ವಲ್ಪ ಹೊತ್ತು ಸುಮ್ಮನಿದ್ದರೆ ಬ್ಯಾಟರಿ ಉಳಿಸಲು ಆ್ಯಪನ್ನು ತಾನೇ ಮಲಗಿಸಿಬಿಡುತ್ತಿತ್ತು. ಒಂದು ಬೆಳಿಗ್ಗೆ ಕಳಿಸಿದ ಮೆಸೇಜು ಸಂಜೆ ಹೊರಟಿತು. ಪುಣ್ಯಕ್ಕೆ ಅಷ್ಟರಲ್ಲಿ ಕಾಕಾ ಫೋನು ಮಾಡಿ ದಾನಿಯನ್ನು ಕಳಿಸಿಯಾಗಿತ್ತು. ಅದನ್ನು ಸರಿಪಡಿಸಿದೆ. ಬರುವವರು 1 ಎಂದೂ ಬರದವರು 2 ಎಂದೂ ಉತ್ತರಿಸಿ ಎಂದರೆ ನಮ್ಮ ಮಂದಿ ‘ಹೂಂ’ ಎಂದು ಬರೆದರು, ‘ನಾಳೆ ಬಂದ್ರ ನಡೀತೈತೇನ್ರಿ’ ಎಂದು ಬರೆದರು, ಕೆಲವರು ಬರೆಯುವ ರಗಳೆಯೇ ಬೇಡವೆಂದು ಅದೇ ನಂಬರಿಗೆ ಫೋನು ಮಾಡಿದರು. ಕಪಾಟಿನ ಮೇಲೆ ಅದು ಹೊಡೆದುಕೊಳ್ಳುತ್ತಿತ್ತು, ನಾನು ಕುರ್ಚಿ ಹತ್ತಿ ಎತ್ತುತ್ತಿದ್ದೆ. ಆದರೂ ಕೆಲಸ ನಡೆಯಿತು. ಶಿಗ್ಗಾಂವಿಯ ಒಬ್ಬ ಬಸುರಿಗೆ ಬೇಕಾದ ರಕ್ತಕ್ಕೆ ಬಂಕಾಪುರದ ಇಬ್ಬರು ತಾಸಿನೊಳಗೆ ಹೊರಟಾಗ ಕಾಕಾ ನನ್ನ ತಲೆ ಮೇಲೆ ಕೈ ಇಟ್ಟರು. ಆ ದಿನ ಅಂಗಡಿಯ ಕದ ಹಾಕಿಕೊಂಡು ಹೋಗುವಾಗ ನಾನು ನೆಲದ ಮೇಲೆ ನಡೆಯುತ್ತಿರಲಿಲ್ಲ.

ಸುದ್ದಿ ಹರಡಿತು. ಊರಿನ ಅಕ್ಕಿ ಗಿರಣಿಯ ಮಾಲೀಕರು ನಮ್ಮನ್ನು ಕರೆಸಿದರು. ಎಲ್ಲರೂ ಅವರನ್ನು ಸಾವ್ಕಾರರು ಎನ್ನುತ್ತಿದ್ದರು, ನಾವೂ ಹಾಗೇ ಅಂದೆವು. ಗಿರಣಿಯ ಆಫೀಸಿನಲ್ಲಿ ನಾಲ್ಕೈದು ಜನ ಕುಳಿತಿದ್ದರು. ಚಹಾ ಬಂತು. ಎಲ್ಲರಿಗೂ ಕಾಗದದ ಕಪ್ಪು, ಅದರಿಂದ ಏನೂ ತಿಳಿಯುವಂತಿರಲಿಲ್ಲ. ನಮ್ಮ ಮನೆಯವರು ಅಪ್ಪನ ಕಾಲಕ್ಕೆ ಬೌದ್ಧರಾದವರು. ಅದಕ್ಕೂ ಹಿಂದೆ ಏನಾಗಿದ್ದರೆಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು, ಯಾರೂ ಅದನ್ನು ಎತ್ತಲಿಲ್ಲ. ಸಾವ್ಕಾರರು ಬಹಳ ಮರ್ಯಾದೆಯಿಂದ ಮಾತಾಡಿದರು. ಒಂದು ದಾನಿಗಳ ಬಳಗ ಮಾಡೋಣ ಎಂದರು, ತಾವೇ ಅಧ್ಯಕ್ಷರಾದರು. ನನ್ನ ಸಿಮ್ಮಿನ ಬದಲು ತಮ್ಮ ಹೆಸರಿನ ಹೊಸ ಸಿಮ್ಮು ಕೊಟ್ಟರು. ಕಾಕಾ ತಮ್ಮ ಪಾಡಿಗೆ ಚಹಾ ಕುಡಿದರು.

ದಾನಿಗಳು ಹೆಚ್ಚಾದಂತೆ ಉತ್ತರಗಳೂ ಹೆಚ್ಚಾದವು. 1 ಮತ್ತು 2 ಬಿಟ್ಟು ಬೇರೆ ಏನು ಬಂದರೂ ನನ್ನ ಪ್ರೋಗ್ರಾಮು ಅದನ್ನು ‘ಅಸ್ಪಷ್ಟ’ ಎಂಬ ಪಟ್ಟಿಗೆ ಎಸೆಯುತ್ತಿತ್ತು. ನಾನು ಆ ಪಟ್ಟಿಯನ್ನು ಬಹಳ ದಿನ ನೋಡಿಯೇ ಇರಲಿಲ್ಲ. ಒಂದು ಮಧ್ಯಾಹ್ನ ಕೆಲಸವಿಲ್ಲದೆ ತೆರೆದು ಕುಳಿತೆ.

‘ಯಾರಿಗ್ರಿ?’ ‘ಪೇಶೆಂಟ್ ಹೆಸರು ಕಳಸ್ರಿ.’ ‘ಯಾವ ಊರು, ಯಾವ ಮಂದಿ?’ ‘ನಮ್ಮವ್ರಾ?’ ‘ಯಾವ ಮಂದಿ ಹೇಳ್ರಿ, ಆಮ್ಯಾಲೆ ನೋಡೂಣು.’

ಪುಟ ತಿರುವಿದಷ್ಟೂ ಅದೇ. ಎಲ್ಲರೂ ಕೇಳಿರಲಿಲ್ಲ, 1 ಎಂದು ಉತ್ತರಿಸಿ ಬಂದು ರಕ್ತ ಕೊಟ್ಟು ಹೋದವರೇ ಜಾಸ್ತಿ. ಆದರೆ ಕೇಳಿದವರಲ್ಲಿ ಮಾಸ್ತರರು ಇದ್ದರು, ನನ್ನ ಅಂಗಡಿಗೆ ವಾರಕ್ಕೊಮ್ಮೆ ಬಂದು ‘ಯವ್ವಾ, ಊಟ ಆತೇನ’ ಎಂದು ಕೇಳಿ ಹೋಗುವವರಿದ್ದರು. ಅಸ್ಪಷ್ಟ ಎಂದು ಹೆಸರಿಟ್ಟವಳು ನಾನು. ಅಷ್ಟು ಸ್ಪಷ್ಟವಾದ ಕನ್ನಡವನ್ನು ನಾನು ಅದಕ್ಕೆ ಮೊದಲು ಓದಿರಲಿಲ್ಲ.

ಕಾಕಾ ಬಂದಾಗ ತೋರಿಸಿದೆ. ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡು ಓದಿದರು. ‘ಬರದ ಕಳಿಸ್ಯಾರಲ್ಲ’ ಎಂದರು. ಆಮೇಲೆ, ‘ಉತ್ತರ ಕೊಡಬ್ಯಾಡ. ಹಂಗ ಬಿಡು.’

ಆದರೆ ಕೇಳಿದವರು ಸುಮ್ಮನಿರಲಿಲ್ಲ. ಸಾವ್ಕಾರರಿಗೇ ಫೋನು ಮಾಡಿದರಂತೆ. ಮುಂದಿನ ಸಭೆಯಲ್ಲಿ ಅವರು ಆ ಮಾತು ತೆಗೆದರು. ದಾನಿಗಳಿಗೆ ನಂಬಿಕೆ ಬರಬೇಕು, ಸುಳ್ಳು ಮೆಸೇಜುಗಳು ಬಹಳ ಓಡಾಡುತ್ತವೆ, ರೋಗಿಯ ಹೆಸರು ಮತ್ತು ಊರು ಹಾಕಿದರೆ ಯಾರಿಗೂ ಅನುಮಾನ ಉಳಿಯುವುದಿಲ್ಲ ಎಂದರು.

‘ಹೆಸರು ಬ್ಯಾಡ್ರಿ’ ಎಂದರು ಕಾಕಾ. ಅಷ್ಟೂ ಸಭೆಗಳಲ್ಲಿ ಅವರು ಆಡಿದ ಮೊದಲ ಮಾತು.

‘ಯಾಕ್ರಿ?’

‘ರಕ್ತಕ್ಕ ಹೆಸರು ಯಾಕ್ ಬೇಕ್ರಿ? ಗುಂಪು ಸಾಕು.’

ಸಾವ್ಕಾರರು ನಕ್ಕು ನನ್ನ ಕಡೆ ತಿರುಗಿದರು. ‘ನೀವ ಹೇಳ್ರಿ ಮೇಡಂ. ಹೆಸರು ಹಾಕೂದು ಕಷ್ಟ ಏನ?’

ಕಷ್ಟವಿರಲಿಲ್ಲ. ಪುಟದಲ್ಲಿ ಒಂದು ಖಾನೆ ಹೆಚ್ಚಿಗೆ ಮಾಡಿದರೆ ಮುಗಿಯಿತು. ಅಷ್ಟು ಜನರ ನಡುವೆ ಮೇಡಂ ಎಂದು ಕರೆಸಿಕೊಂಡು ನನ್ನ ಬೆನ್ನು ನೆಟ್ಟಗಾಗಿತ್ತು. ಮನಸ್ಸಿನೊಳಗೆ ಇನ್ನೊಂದು ಲೆಕ್ಕವೂ ಇತ್ತು: ಹೆಸರು ಮೊದಲೇ ತಿಳಿಸಿದರೆ ಆ ಹೊಲಸು ಪ್ರಶ್ನೆಗಳು ನಿಲ್ಲುತ್ತವೆ, ನಾನು ದಿನಾ ಅವನ್ನು ಓದಬೇಕಾಗುವುದಿಲ್ಲ. ‘ಇಲ್ರಿ, ಹತ್ತು ನಿಮಿಷದ ಕೆಲಸ’ ಎಂದೆ. ಕಾಕಾ ನನ್ನ ಮುಖ ನೋಡಿದರು. ನಾನು ಕಪ್ಪಿನೊಳಗಿನ ಚಹಾ ನೋಡಿದೆ.

ಕನ್ನಡ ಲಿಪಿಯಲ್ಲಿ ಬರೆದರೆ ಒಂದು ಮೆಸೇಜಿನಲ್ಲಿ ಎಪ್ಪತ್ತು ಅಕ್ಷರ ಮಾತ್ರ ಹಿಡಿಯುತ್ತದೆ, ಕೊಂಬು ಒತ್ತುಗಳನ್ನೂ ಬಿಡದೆ ಎಣಿಸುತ್ತದೆ. ಮೀರಿದರೆ ಎರಡು ಮೆಸೇಜಾಗುತ್ತದೆ, ಸಿಮ್ಮಿಗೆ ದಿನಕ್ಕೆ ನೂರರ ಮಿತಿ. ಹೆಸರಿಗೂ ಊರಿಗೂ ಜಾಗ ಮಾಡಲು ಒಂದೊಂದೇ ಪದ ತೆಗೆದೆ. ಕೊನೆಗೆ ‘ದಯವಿಟ್ಟು’ ಎಂಬುದನ್ನೂ ತೆಗೆದೆ. ಹೆಸರು ಕೂತಿತು. ಹೆಸರು ತುಂಬದಿದ್ದರೆ ಮೆಸೇಜು ಹೋಗದಂತೆ ಕಡ್ಡಾಯ ಮಾಡಿ ಎಂದು ಸಾವ್ಕಾರರು ಹೇಳಿದ್ದರು, ಅದನ್ನೂ ಮಾಡಿದೆ.

ಪ್ರಶ್ನೆಗಳು ನಿಂತವು. ‘ನೋಡಿದ್ರೇನ್ರಿ’ ಎಂದರು ಸಾವ್ಕಾರರು. ನಮ್ಮ ಕಡೆ ಅಡ್ಡಹೆಸರು ಕೇಳಿದರೆ ಸಾಕು, ಮನೆ ಯಾವ ಓಣಿಯಲ್ಲಿದೆ ಎಂದು ಹೇಳಿಬಿಡುತ್ತಾರೆ. ಇನ್ನು ಕೇಳುವ ಅಗತ್ಯ ಯಾರಿಗೂ ಉಳಿದಿರಲಿಲ್ಲ. ಅಸ್ಪಷ್ಟದ ಪಟ್ಟಿಯಲ್ಲಿ ಈಗ ಒಂದು ಹೊಸ ಮಾತು ಕಾಣಿಸಿಕೊಳ್ಳತೊಡಗಿತು: ‘ಊರಾಗಿಲ್ಲ.’ ಕೆಲವು ಹೆಸರುಗಳಿಗೆ ಎಲ್ಲರೂ ಊರಲ್ಲಿರುತ್ತಿದ್ದರು. ಕೆಲವು ಹೆಸರುಗಳು ಹೋದ ದಿನ ಊರಿಗೆ ಊರೇ ಪರಊರಿಗೆ ಹೋಗಿರುತ್ತಿತ್ತು.

ಒಂದು ಹಾಳೆಯನ್ನು ಎರಡು ಭಾಗ ಮಾಡಿ, ಎಡಕ್ಕೆ ರೋಗಿಯ ಹೆಸರು, ಬಲಕ್ಕೆ ಬಂದ ಉತ್ತರಗಳು, ಪ್ರಿಂಟು ತೆಗೆದು ಶಿಗ್ಗಾಂವಿಗೆ ಹೋದೆ. ಕಾಕಾ ಕಟ್ಟೆಯ ಮೇಲೆ ಕುಳಿತು ಕಡಲೆ ಹಸನು ಮಾಡುತ್ತಿದ್ದರು. ಹಾಳೆ ನೋಡಿ ಪಕ್ಕಕ್ಕಿಟ್ಟರು.

‘ನಿಮಗ ಗೊತ್ತಿತ್ತೇನ್ರಿ ಕಾಕಾ?’

‘ಇಪ್ಪತ್ತು ವರ್ಷ ಫೋನ್ ಮಾಡೇನಿ. ಗೊತ್ತಿರೂದಿಲ್ಲೇನು? ಫೋನಿನ್ಯಾಗ ಎಲ್ಲಾರೂ ಅಲ್ಲ, ಕೆಲವರು ಕೇಳ್ತಿದ್ರು, ಯಾವ ಮಂದಿ ಅಂತ.’

‘ಏನ್ ಹೇಳ್ತಿದ್ರಿ?’

‘ನಮ್ಮವರ ಅದಾರ ಬಾರಪಾ, ಅಂತಿದ್ದೆ. ಕೇಳಿದವ ಯಾರ ಇರಲಿ, ಪೇಶೆಂಟ್ ಯಾರ ಇರಲಿ, ನಂದು ಅದ ಮಾತು. ಬರ್ತಿದ್ರು. ಕೊಟ್ಟು ಹೋಗ್ತಿದ್ರು. ಒಬ್ಬರೂ ತಿರುಗಿ ಬಂದು ನೋಡಿದವರಿಲ್ಲ.’ ಕಡಲೆಯಲ್ಲಿನ ಒಂದು ಹರಳು ತೆಗೆದು ಅಂಗಳಕ್ಕೆ ಎಸೆದರು. ‘ನಿನ್ನ ಮಷೀನಿಗೆ ಸುಳ್ಳು ಹೇಳಾಕ ಬರೂದಿಲ್ಲ.’

ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಇಪ್ಪತ್ತು ವರ್ಷ ಒಬ್ಬ ಮನುಷ್ಯ ಮೈಮೇಲೆ ಹಾಕಿಕೊಂಡ ಸುಳ್ಳನ್ನು ನಾನು ಹತ್ತು ನಿಮಿಷದಲ್ಲಿ ಕಿತ್ತುಹಾಕಿದ್ದೆ. ಇಂಥದನ್ನು ಗುರುತಿಸಲು ಬೇರೆ ಯಾರಿಗೂ ಬಾರದಿದ್ದರೂ ನನಗೆ ಬರಬೇಕಿತ್ತು. ಶಾಲೆಯಲ್ಲಿ ಹಾಜರಿ ಕೂಗುವಾಗ ನನ್ನ ಅಡ್ಡಹೆಸರು ಬಂದ ಕೂಡಲೇ ತಿರುಗುತ್ತಿದ್ದ ತಲೆಗಳನ್ನು ನಾನು ಮರೆತಿರಲಿಲ್ಲ.

ಅದಾದ ಸ್ವಲ್ಪ ದಿನಕ್ಕೆ, ಬೆಳಿಗ್ಗೆ ಹತ್ತರ ಸುಮಾರಿಗೆ, ಕಾಕಾನ ಫೋನು ಬಂತು. ಮಾಸೂರಿನ ಕಡೆಯ ಒಬ್ಬ ಹೆಣ್ಣುಮಗಳು, ಮದಗದ ಕೆರೆಯ ಕೆಳಗಿನ ಗದ್ದೆಗಳಲ್ಲಿ ಕೂಲಿ ಮಾಡುವವಳು. ಹೆರಿಗೆಯಾಗಿ ರಕ್ತ ನಿಲ್ಲದೆ ಹಾವೇರಿಗೆ ತಂದಿದ್ದಾರೆ. ಬಿ ನೆಗೆಟಿವ್. ಆ ಗುಂಪಿನ ರಕ್ತ ಸಿಗುವುದೇ ಅಪರೂಪ. ಕಾಕಾ ಹೆಸರು ಹೇಳಿದರು. ನಮ್ಮ ಓಣಿಯಲ್ಲೂ ಅದೇ ಅಡ್ಡಹೆಸರಿನ ಮನೆಗಳಿವೆ. ಬೆರಳು ಒಂದು ಕ್ಷಣ ನಿಂತಿತು. ಖಾನೆ ಕಡ್ಡಾಯವಾಗಿತ್ತು. ತುಂಬಿದೆ, ಕಳಿಸಿದೆ.

ನಮ್ಮ ಪಟ್ಟಿಯಲ್ಲಿ ಆ ಗುಂಪಿನವರು ಎಂಟು ಜನ. ಹನ್ನೊಂದರ ಹೊತ್ತಿಗೆ ಉತ್ತರಗಳು ಬಂದವು. 2. ಜ್ವರ ಬಂದೈತಿ. 2. ಊರಾಗಿಲ್ಲ. ಊರಾಗಿಲ್ಲ. ಉಳಿದ ಮೂವರು ಏನೂ ಹೇಳಲಿಲ್ಲ. ಕಾಕಾಗೆ ಫೋನು ಮಾಡಿದೆ. ಅವರು ಆಗಲೇ ಪುಸ್ತಕ ತೆಗೆದು ಕುಳಿತಿದ್ದರು.

‘ಮಾತಾಡಿದೆ ತಂಗಿ. ಒಬ್ಬಾವ, ಮೆಸೇಜ್ ನೋಡೇನಿ ಕಾಕಾ, ಯಾರಂತ ಗೊತ್ತಾತು, ಆಗೂದಿಲ್ಲ ಅಂದ. ಇನ್ನೊಬ್ಬಾವ ಫೋನ ಎತ್ತವಲ್ಲ. ಹೆಸರು ಓದ್ಯಾರ, ಈಗ ನಾ ಏನ್ ಹೇಳಿದ್ರೂ ನಡ್ಯಾಂಗಿಲ್ಲ.’

ಫೋನಿಟ್ಟು ಪ್ರೋಗ್ರಾಮು ತೆರೆದೆ. ಕಡ್ಡಾಯದ ಸಾಲನ್ನು ಅಳಿಸಿದೆ. ಹೆಸರಿನ ಜಾಗ ಖಾಲಿ ಬಿಟ್ಟು, ಊರಿನ ಜಾಗದಲ್ಲಿ ತಾಲ್ಲೂಕಿನ ಹೆಸರು ಹಿರೇಕೆರೂರು ಎಂದಷ್ಟೇ ಹಾಕಿ, ‘ಬಾಣಂತಿ, ಜೀವ ಹೋಗುವಂತಿದೆ, ದಯವಿಟ್ಟು ಬರ್ರಿ’ ಎಂದು ಬರೆದು ಅದೇ ಎಂಟು ಜನಕ್ಕೆ ಇನ್ನೊಮ್ಮೆ ಕಳಿಸಿದೆ. ಎರಡು ಮೆಸೇಜಿನಷ್ಟು ಉದ್ದವಾಯಿತು.

ಐದು ನಿಮಿಷಕ್ಕೆ ಒಂದು ಉತ್ತರ: 1. ಬೆಳಿಗ್ಗೆ ಊರಾಗಿಲ್ಲ ಎಂದಿದ್ದ ಇಬ್ಬರಲ್ಲಿ ಒಬ್ಬರದೇ. ಹಿರೇಕೆರೂರಿನಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟವರು. ಇನ್ನೊಂದು 1 ಸವಣೂರಿನ ಬಸ್ ಕಂಡಕ್ಟರ್ ಒಬ್ಬರಿಂದ ಬಂತು. ಡ್ಯೂಟಿಯಲ್ಲಿದ್ದೆ, ಬೆಳಿಗ್ಗೆ ಫೋನೇ ನೋಡಿರಲಿಲ್ಲ ಎಂದು ಆಮೇಲೆ ಹೇಳಿದರು. ನಾನು ಅಂಗಡಿಯ ಕದ ಹಾಕಿ ಹಾವೇರಿಯ ಬಸ್ಸು ಹತ್ತಿದೆ. ಯಾಕೆ ಹೋದೆನೋ, ಅಲ್ಲಿ ನನ್ನಿಂದ ಆಗಬೇಕಾದ್ದು ಏನೂ ಇರಲಿಲ್ಲ.

ನಾನು ಮುಟ್ಟುವ ಹೊತ್ತಿಗೆ ಕಂಡಕ್ಟರು ರಕ್ತ ಕೊಟ್ಟು ಮುಗಿಸಿ ಬಿಸ್ಕಿಟ್ ತಿನ್ನುತ್ತಿದ್ದರು. ಗೊಬ್ಬರದ ಅಂಗಡಿಯವರು ಒಳಗಿದ್ದರು. ಹೊರಗಿನ ಓಣಿಯಂಥ ಜಾಗದಲ್ಲಿ ಹೆಣ್ಣುಮಗಳ ಗಂಡ ಗೋಡೆಗೆ ಆತು ನಿಂತಿದ್ದ. ಇಪ್ಪತ್ತೈದರ ವಯಸ್ಸು, ಕಾಲಿನ ಮೇಲೆ ಗದ್ದೆಯ ಕೆಸರು ಒಣಗಿ ಬಿರುಕು ಬಿಟ್ಟಿತ್ತು. ಅಂಗಡಿಯವರು ತೋಳಿಗೆ ಹತ್ತಿ ಒತ್ತಿಕೊಂಡು ಹೊರಬಂದ ಕೂಡಲೇ ಅವನು ಬಾಗಿ ಅವರ ಕಾಲು ಮುಟ್ಟಲು ಹೋದ.

‘ಏ, ಬ್ಯಾಡಪಾ, ಬ್ಯಾಡ’ ಎಂದು ಅವರು ಅವನ ಭುಜ ಹಿಡಿದು ಎಬ್ಬಿಸಿದರು. ಪ್ರೀತಿಯಿಂದಲೇ ಎಬ್ಬಿಸಿದರು, ಅದನ್ನು ನಾನು ಕಂಡಿದ್ದೇನೆ. ‘ಹಿರೇಕೆರೂರಾಗ ಯಾವ ಕಡೆ ಮನಿ?’

‘ಹಿರೇಕೆರೂರಲ್ರಿ ಸಾಹೇಬ್ರ. ಮಾಸೂರ ಕಡೆ.’

‘ಹೆಸರು?’

ಅವನು ತನ್ನ ಹೆಸರನ್ನೂ ಹೆಂಡತಿಯ ಹೆಸರನ್ನೂ ಪೂರ್ತಿಯಾಗಿ ಹೇಳಿದ. ಅಂಗಡಿಯವರು ಕೈಯನ್ನು ಅವನ ಭುಜದಿಂದ ತೆಗೆದರು. ಜೇಬಿನಿಂದ ಫೋನು ತೆಗೆದು ಬೆಳಗಿನ ಮೆಸೇಜು ಹುಡುಕಿ ಓದಿದರು, ಆಮೇಲಿನದನ್ನೂ ಓದಿದರು. ಸುತ್ತ ನೋಡಿ ನನ್ನ ಗುರುತು ಹಿಡಿದರು. ಬಳಗದ ಸಭೆಗೆ ಒಮ್ಮೆ ಬಂದಿದ್ದವರು. ಅವನು ತಂದಿಟ್ಟ ಚಹಾ ಬೆಂಚಿನ ಮೇಲೆ ಹಾಗೇ ಇತ್ತು. ಹತ್ತಿಯನ್ನು ಒತ್ತಿಕೊಂಡೇ ಮೆಟ್ಟಿಲಿಳಿದು ಹೋದರು.

‘ಸಾಹೇಬ್ರು ಚಾ ಕುಡೀಲಿಲ್ಲ’ ಎಂದ ಅವನು.

‘ಅವಸರ ಇರಬೇಕು’ ಎಂದೆ.

ಹೆಣ್ಣುಮಗಳು ಉಳಿದಳು. ಕೂಸೂ ಗಟ್ಟಿಯಾಗಿತ್ತು, ಹೆಣ್ಣು ಕೂಸು. ವಾರದ ಮೇಲೆ ಮನೆಗೆ ಕಳಿಸಿದರಂತೆ. ಆ ರಕ್ತ ಆ ಮೈಯಲ್ಲಿ ಹರಿಯುವುದಕ್ಕೆ ಯಾರ ಹೆಸರನ್ನೂ ಕೇಳಲಿಲ್ಲ. ನನ್ನ ಈ ಬರವಣಿಗೆಯಲ್ಲಿ ಸಮಾಧಾನದ ಸಂಗತಿ ಇಷ್ಟೇ.

ನಾನು ಹಾವೇರಿಯಿಂದ ಬಂದ ಎರಡನೆಯ ದಿನ ಸಾವ್ಕಾರರು ಗಿರಣಿಗೆ ಕರೆಸಿದರು. ಫೋನು ತೆಗೆದುಕೊಂಡು ಬನ್ನಿ ಎಂದಿದ್ದರು. ಹೊಟ್ಟಿನ ಧೂಳು ಆಫೀಸಿನ ಕಿಟಕಿಯವರೆಗೂ ತುಂಬಿತ್ತು. ಅವತ್ತೂ ಅವರ ದನಿ ಏರಲಿಲ್ಲ.

‘ಕುಂಡ್ರಿ. ಹೆಸರು ಯಾಕ ತೆಗೆದ್ರಿ?’

‘ಹೆಸರಿದ್ದಾಗ ಯಾರೂ ಬರಲಿಲ್ರಿ.’

‘ಅದು ಅವರವರ ಇಷ್ಟ ಅಲ್ಲೇನ್ರಿ? ಕೊಡೂವ್ರು ಕೊಡ್ತಾರ, ಬಿಡೂವ್ರು ಬಿಡ್ತಾರ. ದಾನ ಅದು. ನೀವು ಮುಚ್ಚಿಟ್ಟು ತಗೊಂಡ್ರಿ. ಅದಕ್ಕೇನಂತಾರ?’

‘ಆಕಿ ಸಾಯ್ತಿದ್ಲು.’

‘ಸತ್ತಿಲ್ಲಲ್ಲ. ದೇವರು ಅದಾನ.’ ಎಂದರು ಸಾವ್ಕಾರರು. ‘ನೋಡ್ರಿ, ನಾವೇನೂ ಭೇದ ಮಾಡೂ ಮಂದಿ ಅಲ್ಲ. ಮಾಡಿದ್ರ ನಿಮ್ಮನ್ನ ಇಲ್ಲಿ ಕುಂಡ್ರಿಸಿಕೊಂಡು ಮಾತಾಡ್ತಿದ್ದಿಲ್ಲ. ಆದ್ರ ಬಳಗ ಅಂದ ಮ್ಯಾಲೆ ನಾಲ್ಕ ಮಂದಿ ಮನಸ್ಸು ನೋಡಬೇಕಾಕ್ಕೈತಿ.’

ಪ್ರಿಂಟು ತೆಗೆದ ಹಾಳೆ ನನ್ನ ಚೀಲದಲ್ಲಿತ್ತು. ತೆಗೆದು ಮೇಜಿನ ಮೇಲಿಟ್ಟೆ. ಅವರು ಅದರ ಮೇಲೆ ಕಣ್ಣಾಡಿಸಿ ಮಡಚಿದರು. ‘ಇಂಥಾದ್ದೆಲ್ಲಾ ಬರದಿಡಬಾರದು’ ಎಂದರು. ಕೇಳಿದವರು ಬರೆದಿದ್ದರು, ಬರಲೊಲ್ಲದವರು ಬರೆದಿದ್ದರು. ತಪ್ಪು ಒಂದೆಡೆ ಜೋಡಿಸಿ ಇಟ್ಟವಳದಾಗಿತ್ತು.

ಸಿಮ್ಮು ವಾಪಸು ಕೇಳಿದರು. ಮೊಬೈಲಿನ ಸಿಮ್ ಬಾಗಿಲು ತೆರೆಯಲು ಪಿನ್ನು ಬೇಕು, ಆಫೀಸಿನಲ್ಲಿ ಯಾರ ಬಳಿಯೂ ಇರಲಿಲ್ಲ. ಲೆಕ್ಕ ಬರೆಯುವ ಮುನೀಮರು ಕಾಗದಕ್ಕೆ ಚುಚ್ಚುವ ಟಾಚಣಿ ಹುಡುಕಿ ಕೊಟ್ಟರು, ಅದು ಬಾಗಿತು. ಕೊನೆಗೆ ನಾನೇ ಕಿವಿಯ ರಿಂಗು ಬಿಚ್ಚಿ ಅದರ ಕಡ್ಡಿಯಿಂದ ಒತ್ತಿ ಸಿಮ್ಮು ಹೊರತೆಗೆದು ಕೊಟ್ಟೆ. ವೆಬ್ ಪುಟದ ಪಾಸ್‌ವರ್ಡನ್ನೂ ಒಂದು ಚೀಟಿಯ ಮೇಲೆ ಬರೆದುಕೊಟ್ಟೆ. ಕೊಡದೆ ಇರಬಹುದಿತ್ತು. ಆ ಪುಟ ನನ್ನದು, ಪಟ್ಟಿ ಕಾಕಾನದು. ಅದನ್ನು ಹೇಳುವ ಮಾತು ನಾಲಿಗೆಯ ತುದಿಯವರೆಗೆ ಬಂದು ಅಲ್ಲೇ ಉಳಿಯಿತು. ಈಗಲೂ ಸ್ನಾನ ಮಾಡುವಾಗ, ಅಡುಗೆಗೆ ಒಗ್ಗರಣೆ ಹಾಕುವಾಗ ಆ ಮಾತು ಬಾಯಿಗೆ ಬರುತ್ತದೆ, ಬಹಳ ಚೆನ್ನಾಗಿ ಬರುತ್ತದೆ.

ಶಿಗ್ಗಾಂವಿಗೆ ಹೋಗಿ ಕಾಕಾನ ಮುಂದೆ ಅತ್ತೆ. ಮೊದಲಿನಂತೆ ಫೋನು ಮಾಡೋಣ, ನಂಬರು ನಾನು ಒತ್ತಿ ಕೊಡುತ್ತೇನೆ, ನೀವು ಮಾತಾಡಿ ಎಂದೆ.

‘ಇನ್ನ ಆಗೂದಿಲ್ಲ ತಂಗಿ’ ಎಂದರು. ‘ಮೊದಲು ಕೇಳೂವ್ರು ಕೆಲವರ ಇದ್ರು. ಈಗ ಎಲ್ಲಾರಿಗೂ ಹೆಸರು ಓದೂದು ರೂಢಿ ಆತು. ಎಂದೂ ಕೇಳದವ್ರೂ ಮೊನ್ನೆ ಕೇಳಿದ್ರು, ಹೆಸರು ಯಾಕ ಬಂದಿಲ್ಲ ಕಾಕಾ, ಅಂತ. ಅವರ ಮನಸ್ಸಿನ್ಯಾಗ ಇರಲಿಲ್ಲ. ನಾವ ಇಟ್ವಿ.’

ನಾವು ಎಂದರು. ಅದರಲ್ಲಿ ತಮ್ಮನ್ನೂ ಸೇರಿಸಿಕೊಂಡದ್ದು ಅವರ ದೊಡ್ಡತನ. ಮುಂದಿನ ಮಳೆಗಾಲದಲ್ಲಿ ಅವರು ತೀರಿಕೊಂಡರು. ಪುಸ್ತಕ ಏನಾಯಿತೆಂದು ಮಗಳನ್ನು ಕೇಳುವ ಧೈರ್ಯ ನನಗಾಗಲಿಲ್ಲ.

ಬಳಗ ಈಗ ನೋಂದಣಿಯಾಗಿದೆ. ಮೊಬೈಲಿನ ಗೊಡವೆ ಇಲ್ಲ, ಕಂಪನಿಯ ಮೂಲಕವೇ ಸಂದೇಶಗಳು ಹೋಗುತ್ತವೆ. ಸಂದೇಶದ ನಮೂನೆಗೆ ಮಂಜೂರಾತಿ ಸಿಕ್ಕಿದೆ, ಅದರಲ್ಲಿ ರೋಗಿಯ ಹೆಸರಿಗೆ ಒಂದು ಖಾನೆ ಇದೆ. ಮಂಜೂರಾದ ನಮೂನೆಯಲ್ಲಿ ಒಂದಕ್ಷರ ಬದಲಿಸಿದರೂ ಮೆಸೇಜು ಹೋಗುವುದಿಲ್ಲ. ಹಬ್ಬಗಳಲ್ಲಿ ದಾನಿಗಳಿಗೆ ಸಾವ್ಕಾರರ ಶುಭಾಶಯವೂ ಹೋಗುತ್ತದೆ. ನಾನೂ ದಾನಿಗಳ ಪಟ್ಟಿಯಲ್ಲಿದ್ದೆ. ಮೊದಲ ಕೆಲವು ತಿಂಗಳು ನನಗೂ ಮೆಸೇಜುಗಳು ಬರುತ್ತಿದ್ದವು, ಆಮೇಲೆ ನಿಂತವು. ನನ್ನನ್ನು ಜಗಳಗಂಟಿ ಎಂದು ತೆಗೆದಿದ್ದಾರೆಂದು ತಿಳಿದು ಅದಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ.

ಆ ಹೆಣ್ಣುಮಗಳ ಗಂಡನ ಬಳಿ ನನ್ನ ನಂಬರಿತ್ತು. ಕೂಸಿನ ಹುಟ್ಟುಹಬ್ಬದ ದಿನ ಫೋನು ಮಾಡಿದ.

‘ಅಕ್ಕಾರ, ನಂದು ಓ ಪಾಸಿಟಿವ್ ಅಂತ್ರಿ. ನನ್ನ ಹೆಸರೂ ನಿಮ್ಮ ಪಟ್ಟಿಗೆ ಹಾಕ್ಕೋರಿ. ನಾನೂ ಕೊಡ್ತೇನಿ.’

ನಾನು ಆ ಕೆಲಸ ಬಿಟ್ಟಿದ್ದೇನೆಂದು ಹೇಳಿ ಬಳಗದ ನಂಬರು ಕೊಟ್ಟೆ. ಅವನು ಅಲ್ಲಿಗೆ ಹೋಗಿ ಅರ್ಜಿ ತುಂಬಿಯೂ ಬಂದ. ಓ ಪಾಸಿಟಿವ್ ರಕ್ತ ಬೇಕೆಂದು ತಿಂಗಳಿಗೆ ಎಷ್ಟು ಸಲ ಕೇಳಿಬರುತ್ತದೆಂದು ಆ ಪುಟ ಕಟ್ಟಿದ ನನಗೆ ಗೊತ್ತಿದೆ. ಅರ್ಜಿ ಕೊಟ್ಟು ಒಂದು ವರ್ಷವಾಯಿತು. ಅವನಿಗೆ ಇನ್ನೂ ಒಂದೂ ಮೆಸೇಜು ಬಂದಿಲ್ಲ. ದಾನಿಗಳ ಪಟ್ಟಿಯಲ್ಲೂ ಹೆಸರಿನ ಖಾನೆ ಇದೆಯೆಂಬುದು ನನಗೆ ಹೊಳೆದದ್ದು ಆಗ. ನನಗೆ ಮೆಸೇಜುಗಳು ಏಕೆ ನಿಂತವು ಎಂಬುದನ್ನೂ ಆಗಲೇ ಇನ್ನೊಮ್ಮೆ ಯೋಚಿಸಿದೆ. ಖಾತ್ರಿಯಾಗಿ ಹೇಳಲು ನನ್ನ ಬಳಿ ಈಗ ಪಾಸ್‌ವರ್ಡಿಲ್ಲ.

ಎರಡು ಮೂರು ತಿಂಗಳಿಗೊಮ್ಮೆ ಅವನು ಫೋನು ಮಾಡುತ್ತಾನೆ. ಮೊನ್ನೆಯೂ ಮಾಡಿದ್ದ.

‘ಅಕ್ಕಾರ, ನನಗ ಮೆಸೇಜ್ ಬರವಲ್ದು. ಯಾಕ್ರಿ?’

‘ನಿಮ್ಮ ಕಡೆ ನೆಟ್ವರ್ಕ್ ಸರಿ ಇರಲಿಕ್ಕಿಲ್ಲಪಾ’ ಎಂದೆ.

‘ಹೌದ್ರಿ, ಮನಿ ಕಡೆ ಕಡಿಮಿ ಬರ್ತೈತಿ’ ಎಂದ. ‘ಕೆರಿ ಏರಿ ಮ್ಯಾಲೆ ಚಲೋ ಸಿಗ್ತೈತ್ರಿ. ಸಂಜಿಕ ಕೆಲಸ ಬಿಟ್ಟ ಮ್ಯಾಲೆ ದಿನಾ ಒಂದೀಟ ಹೊತ್ತು ಅಲ್ಲಿ ಹೋಗಿ ನಿಂತು ನೋಡ್ತೇನಿ.’

ಆಗಲಿ, ನಿಂತು ನೋಡು ಎಂದು ಫೋನಿಟ್ಟೆ. ಎದುರಿಗೆ ಒಬ್ಬ ಮುದುಕಿ ಮೊಮ್ಮಗನ ಜಾತಿ ಪ್ರಮಾಣಪತ್ರದ ಅರ್ಜಿ ಹಿಡಿದು ಕುಳಿತಿದ್ದಳು. ತೆಗೆದುಕೊಂಡು ತುಂಬತೊಡಗಿದೆ.